ಮೂರನೇ ಮೆಟ್ಟಿನ ಕ್ಲಿಪ್

೧೯೯೪ರಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೇ ಕ್ಲಾಸು, ದಸರಾ ರಜೆ ಮುಗಿದ ಮಾರನೆಯ ದಿನ. ಓಣಿಯ ಹುಡುಗರೆಲ್ಲ ಶಾಲೆಯ ಕಡೆ ಹೊರಟರು, ನಾನು ಹರಿಹರದ ಬಸಣ್ಣನ ಲೇತ್ ಶಾಪಿನ ಕಡೆ ಹೊರಟೆ. ಮನೆಯಲ್ಲಿ ಯಾರೂ ಹೋಗು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ‘ಪಾಪ, ಓದೋಕಾಗಲಿಲ್ಲವಾ’ ಎಂದು ಯಾರಾದರೂ ಕನಿಕರ ತೋರಿಸಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಆಗಲಿಲ್ಲ ಅಲ್ಲ ಸ್ವಾಮಿ, ಬಿಟ್ಟೆ. ಬಿಟ್ಟ ಮೇಲೆ ಒಂದು ದಿನವೂ ಕೂತು ಉಂಡವನಲ್ಲ. ನಾನು ಕಡೆದ ಶಾಫ್ಟನ್ನು ವಾಪಸು ಕಳಿಸಿದವರು ಇನ್ನೂ ಹುಟ್ಟಿಲ್ಲ ಎಂದು ಹೇಳಿಕೊಳ್ಳುವುದು ನನ್ನ ಚಟ. ಒಂದೆರಡು ಬಾರಿ ಬಂದದ್ದುಂಟು. ಅದು ನಕ್ಷೆ ಬರೆದವರ ತಪ್ಪು.

ಹಳೆಯದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಹೋದ ವಾರ ಹಳೇ ಅಂಗಿಯೊಂದನ್ನು ಒಗೆಯಲು ಹಾಕುವಾಗ ಅದರ ಜೇಬಿನಿಂದ ಹಿತ್ತಾಳೆಯ ಚೂರೊಂದು ನೆಲಕ್ಕೆ ಉದುರಿತು. ಉಗುರಿನಷ್ಟೂ ಇಲ್ಲ. ಸಿಂಗಪುರದ ಜುರಾಂಗ್ ವೆಸ್ಟಿನ ಈ ಫ್ಲ್ಯಾಟಿನ ಒಡತಿ, ನನಗೆ ಒಂದು ಕೋಣೆ ಬಾಡಿಗೆಗೆ ಕೊಟ್ಟಿರುವ ತಮಿಳು ಆಂಟಿ, ಅಡುಗೆಮನೆಯಿಂದಲೇ ಬಗ್ಗಿ ನೋಡಿದರು.

“ಏನು ಮಂಜು, ಹಲ್ಲು ಕಟ್ಟಿಸಿದ್ದು ಬಿತ್ತಾ?”

“ಹಲ್ಲಲ್ಲ ಆಂಟಿ, ಮೌತ್ ಆರ್ಗನ್ನಿಂದು.”

“ಹಾಗಾದರೆ ಸರಿ. ಹಲ್ಲು ಕಟ್ಟಿಸೋದು ಇಲ್ಲಿ ಬಹಳ ದುಬಾರಿ,” ಎಂದು ಅವರು ಸಾರಿನ ಕಡೆ ತಿರುಗಿದರು.

ಮೌತ್ ಆರ್ಗನ್ನಿನ ಹೊಟ್ಟೆಯಲ್ಲಿ ಇಂಥ ಹಿತ್ತಾಳೆಯ ನಾಲಿಗೆಗಳು ಸಾಲಾಗಿರುತ್ತವೆ. ಉಸಿರು ತಾಕಿದರೆ ಒಂದೊಂದೂ ಒಂದೊಂದು ಸ್ವರ ನುಡಿಯುತ್ತದೆ. ಬಹಳ ದುಡಿಸಿಕೊಂಡರೆ ಸುಸ್ತಾಗಿ ಮುರಿಯುತ್ತದೆ. ಬ್ಲೂಸ್ ಬಾರಿಸುವವರ ಬಾಜಾದಲ್ಲಿ ಮೊದಲು ಸಾಯುವುದು ನಾಲ್ಕನೇ ರಂಧ್ರದ ನಾಲಿಗೆ. ನನ್ನ ಕೈಯಲ್ಲಿದ್ದದ್ದು ಅಂಥದೇ ಒಂದರ ಹೆಣ.

ಬ್ಲೂಸ್ ಅಂದರೇನು ಎಂದು ನೀವು ಕೇಳಬಹುದು. ಹರಿಹರದಲ್ಲಿರುವ ನನ್ನ ಅಕ್ಕನೂ ಫೋನಿನಲ್ಲಿ ಕೇಳಿದ್ದಳು.

“ಬ್ಲೂಸು ಬ್ಲೂಸು ಅಂತೀಯಲ್ಲ, ಅಂದ್ರೇನೋ ಅದು?”

“ಒಂದು ಸಾಲು ಹಾಡೋದು. ಅದನ್ನೇ ಇನ್ನೊಂದ್ಸಲ ಹಾಡೋದು. ಮೂರನೇ ಸಾಲಲ್ಲಿ ಯಾಕೆ ಅಂತ ಹೇಳೋದು.”

“ಹಾಡೋದು ಏನನ್ನ?”

“ಕಷ್ಟಾನೇ. ಅವಳು ಹೋದ್ಲು, ಅವಳು ಹೋದ್ಲು, ಹೋಗೋವಾಗ ಛತ್ರೀನೂ ತಗೊಂಡೇ ಹೋದ್ಲು. ಆ ಥರ.”

“ಅಯ್ಯೋ, ಇದನ್ನ ಕಲಿಯೋಕೆ ಸಿಂಗಪುರಕ್ಕೆ ಹೋಗ್ಬೇಕಿತ್ತೇನೋ? ಅಮ್ಮ ದಿನಾ ಒಲೆ ಮುಂದೆ ಕೂತು ಮಾಡ್ತಿದ್ದಿದ್ದು ಅದೇ ಅಲ್ವಾ.”

ಅದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುವುದಿಲ್ಲ.

ಮೌತ್ ಆರ್ಗನ್ ನನ್ನ ಕೈಗೆ ಬಂದದ್ದು ಗುಜರಿಯಿಂದ. ಬಸಣ್ಣ ಹಳೇ ಕಬ್ಬಿಣವನ್ನು ತೂಕಕ್ಕೆ ಕೊಳ್ಳುತ್ತಿದ್ದರು. ಸವೆದ ಬೇರಿಂಗು, ಬಾಯಿ ಮುರಿದ ಪಾನಾಗಳ ನಡುವೆ ಒಂದು ದಿನ ಇದು ಸಿಕ್ಕಿತು. ಒಂದು ಪಕ್ಕದ ತಗಡೇ ಇರಲಿಲ್ಲ. ಬಿಸ್ಕೀಟು ಡಬ್ಬಿ ಕತ್ತರಿಸಿ, ಬಾಗಿಸಿ, ಅಂಚು ಅರದಿಂದ ತೀಡಿ ಒಂದು ತಗಡು ಕೂರಿಸಿದೆ. ಡಬ್ಬಿಯ ಮೇಲಿದ್ದ ಮಗುವಿನ ಅರ್ಧ ಮುಖ ನನ್ನ ಮೂಗಿನ ಕೆಳಗೇ ನಗುತ್ತಿತ್ತು. ಊಟದ ಹೊತ್ತಿನಲ್ಲಿ, ಎಣ್ಣೆ ಮೆತ್ತಿದ ಬೆರಳಿನಲ್ಲೇ ರೇಡಿಯೋದ ಹಾಡುಗಳನ್ನು ಹುಡುಕಿ ಹುಡುಕಿ ಊದುತ್ತಿದ್ದೆ. ಬಸಣ್ಣ ಬೀಡಿ ಹಚ್ಚಿಕೊಂಡು ಹೇಳುತ್ತಿದ್ದರು: “ಲೇ ಮಂಜ, ನೀನು ಊದೋದು ಕೇಳಿದ್ರೆ ಗಿರಾಕಿ ಬರಲ್ಲ, ನಾಯಿ ಬರ್ತಾವೆ.” ಹೇಳುತ್ತಿದ್ದರೇ ಹೊರತು ಒಂದು ದಿನವೂ ನಿಲ್ಲಿಸು ಅನ್ನಲಿಲ್ಲ. ನಾಯಿಗಳೂ ಬಂದವು.

ಆ ಬಾಜಾ ನನ್ನ ಜೊತೆ ಬೆಂಗಳೂರಿಗೆ ಬಂತು, ಆಮೇಲೆ ಸಿಂಗಪುರಕ್ಕೂ ಬಂತು. ನಾಲಿಗೆ ಮುರಿದಾಗೆಲ್ಲ ಅದೇ ಅಳತೆಯ, ಊದಿದರೆ ಅದೇ ದನಿ ಬರುವ ಇನ್ನೊಂದನ್ನು ಕೊಂಡು, ಬಿಸ್ಕೀಟು ತಗಡನ್ನು ಮಾತ್ರ ಹಳೆಯದರಿಂದ ಬಿಚ್ಚಿ ಹೊಸದಕ್ಕೆ ಕೂರಿಸುತ್ತಿದ್ದೆ. ಹಾಗಾಗಿ ಅದು ನನ್ನ ಲೆಕ್ಕದಲ್ಲಿ ಅದೇ ಬಾಜಾ. ಮನುಷ್ಯನಿಗೆ ಒಂದು ಬಾಯಿ, ಒಂದು ಮೌತ್ ಆರ್ಗನ್ ಸಾಕು ಎಂಬುದು ನನ್ನ ತತ್ತ್ವವಾಗಿತ್ತು.

ಟುವಾಸ್‌ನಲ್ಲಿ ನನ್ನ ಕೆಲಸ. ಸಿಂಗಪುರದ ಪಶ್ಚಿಮದ ತುತ್ತ ತುದಿ, ಅದರಾಚೆ ಸಮುದ್ರ. ವಾರದಲ್ಲಿ ಆರು ದಿನ ಯಂತ್ರದ ಸದ್ದಿನಲ್ಲಿ ಮಾತೇ ಬೇಕಾಗುವುದಿಲ್ಲ, ಕೈಸನ್ನೆ ಸಾಕು. ಏಳನೆಯ ದಿನ ಮಾತು ಬೇಕಾಗುತ್ತದೆ, ಆಗ ಯಾರೂ ಇರುವುದಿಲ್ಲ. ಒಂದು ಯುಗಾದಿ ಊಟಕ್ಕೆ ಕನ್ನಡದವರ ಜೊತೆ ಹೋಗಿದ್ದೆ. ಒಬ್ಬಟ್ಟು ಚೆನ್ನಾಗಿತ್ತು. ಪಕ್ಕದಲ್ಲಿ ಕೂತಿದ್ದ ಹುಡುಗ ವಿನಯದಿಂದಲೇ ಕೇಳಿದ: “ಅಂಕಲ್, ನೀವು ಯಾವ ಕಂಪನಿ?”

“ಟುವಾಸ್‌ನಲ್ಲಿದೀನಿ. ಲೇತ್ ಕೆಲಸ.”

“ಓ, ಹಾರ್ಡ್‌ವೇರಾ?”

ಹೌದು ಎಂದೆ. ಅದಕ್ಕಿಂತ ಗಟ್ಟಿಯಾದ ಹಾರ್ಡ್‌ವೇರನ್ನು ಆ ಹುಡುಗ ನೋಡಿರಲಿಕ್ಕಿಲ್ಲ. ಆಮೇಲೆ ಅವನು ಆಚೆ ಪಕ್ಕದವರ ಕಡೆ ತಿರುಗಿ ಶೇರು, ಕಾಂಡೋ, ಮಕ್ಕಳ ಸ್ಕೂಲು ಮಾತಾಡಿದ. ನಾನು ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡೆ. ಅವನ ತಪ್ಪೇನೂ ಇಲ್ಲ. ನನಗೂ ಶೇರಿನ ಬಗ್ಗೆ ಕೇಳಲು ಏನೂ ಇರಲಿಲ್ಲ.

ಲಿಮ್ ಅಂಕಲ್ ಸಿಕ್ಕಿದ್ದು ಸುಟ್ಟುಹೋದ ಒಂದು ಪಂಪ್ ಮೋಟಾರಿನ ದೆಸೆಯಿಂದ. ಹೊಸ ತಾಮ್ರದ ತಂತಿ ಸುತ್ತಲು ಕೊಟ್ಟಿದ್ದ ಅದನ್ನು ತೆಗೆದುಕೊಂಡು ಬಾ ಎಂದು ನನ್ನನ್ನು ಊರಿನ ಇನ್ನೊಂದು ತುದಿಗೆ, ಕಾಕಿ ಬುಕಿತ್‌ಗೆ ಕಳಿಸಿದ್ದರು. ನಾನು ಹೋದಾಗ ಊಟದ ಹೊತ್ತು. ತಂತಿಯ ಸುರುಳಿಗಳ ನಡುವೆ ಬನಿಯನ್ ಹಾಕಿದ ಅರವತ್ತರ ಆಸುಪಾಸಿನ ಒಬ್ಬರು ಸ್ಟೂಲಿನ ಮೇಲೆ ಕೂತು, ಕಿರುಬೆರಳಿಗೆ ಕೊಳವೆಯ ತುಂಡೊಂದನ್ನು ಸಿಕ್ಕಿಸಿಕೊಂಡು ಗಿಟಾರಿನ ತಂತಿಯ ಮೇಲೆ ಜಾರಿಸುತ್ತಿದ್ದರು. ಅದು ಅಳುತ್ತಿತ್ತು, ನಡುನಡುವೆ ಮೂಗು ಒರೆಸಿಕೊಂಡು ನಗುತ್ತಲೂ ಇತ್ತು. ಅವರೇ ಶಾಪಿನ ಯಜಮಾನ ಲಿಮ್. ಪಕ್ಕದಲ್ಲಿದ್ದವರು ಅವರ ಗೆಳೆಯ ರೊಜಾರಿಯೋ, ನಿವೃತ್ತ ಬಸ್ ಡ್ರೈವರ್. ಅವರ ವಾದ್ಯವನ್ನು ನೋಡಿದರೆ ನೀವು ನಗುತ್ತೀರಿ: ತಂತಿ ಸುತ್ತಿ ಬರುವ ದೊಡ್ಡ ಮರದ ರೀಲು, ಅದಕ್ಕೊಂದು ಪೊರಕೆ ಕೋಲು, ಕೋಲಿನ ತುದಿಯಿಂದ ರೀಲಿನ ನಡುವಿಗೆ ಬಿಗಿದ ಒಂದೇ ಒಂದು ದಪ್ಪ ಹಗ್ಗ. ಕೋಲನ್ನು ಬಗ್ಗಿಸಿ ಮೀಟಿದರೆ ಹೊಟ್ಟೆಯೊಳಗಿಂದ ಬಂದಂಥ ದನಿ.

ನನಗೆ ಏನಾಯಿತೋ, ಜೇಬಿನಿಂದ ಬಾಜಾ ತೆಗೆದು ಊದಿಯೇಬಿಟ್ಟೆ. ಒಂದೇ ಬೀದಿಯಲ್ಲಿ ಎರಡು ಮದುವೆಯ ವಾಲಗ ಎದುರುಬದುರಾದಂತಾಯಿತು. ಲಿಮ್ ಅಂಕಲ್ ಗಿಟಾರ್ ನಿಲ್ಲಿಸಿದರು. ಅವರದು ಸಿಂಗಪುರದ ಇಂಗ್ಲಿಷು. ಕನ್ನಡಕ್ಕೆ ತಂದರೆ ಉಳಿಯುವುದು ಅದರ ‘ಲಾ’ ಒಂದೇ.

“ನಿಲ್ಲು, ನಿಲ್ಲು. ಯಾವ ಶ್ರುತಿಯದು ಅದು?”

“ಶ್ರುತಿ ಗೊತ್ತಿಲ್ಲ ಅಂಕಲ್. ಇದೊಂದೇ ಇರೋದು. ನಾನೇ ರಿಪೇರಿ ಮಾಡಿದ್ದು.”

ಅವರು ಅದನ್ನು ಇಸಿದುಕೊಂಡು ತಿರುಗಿಸಿ ನೋಡಿದರು. ತಗಡಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ರೊಜಾರಿಯೋ ಏನೋ ಹೇಳಲು ಬಾಯಿ ತೆರೆದರು. ಲಿಮ್ ಅಂಕಲ್ ಅವರ ಕಡೆ ನೋಡದೆಯೇ ಗಿಟಾರಿನ ಪೆಟ್ಟಿಗೆಯಿಂದ ಒಂದು ಕ್ಲಿಪ್ ತೆಗೆದು ಗಿಟಾರಿನ ಕುತ್ತಿಗೆಯ ಮೇಲೆ ಮೂರನೇ ಮೆಟ್ಟಿಗೆ ಕಚ್ಚಿಸಿದರು. ಹಾಗೆ ಮಾಡಿದರೆ ಗಿಟಾರಿನ ಶ್ರುತಿ ಅಷ್ಟು ಮೇಲೇರುತ್ತದೆ, ಬೆರಳಿನ ಅಭ್ಯಾಸ ಬದಲಾಗಬೇಕಾಗಿಲ್ಲ.

“ಈಗ ಬಾ,” ಎಂದರು. “ಊದಬೇಡ ಲಾ. ಒಳಗೆ ಎಳಿ.”

ಅಷ್ಟು ವರ್ಷ ನಾನು ಊದುತ್ತಿದ್ದೆ. ಎಳೆದೆ. ನಾಲ್ಕನೇ ರಂಧ್ರದಿಂದ ಒಂದು ಸ್ವರ ಬಾಗಿ, ಅರ್ಧ ದಾರಿಯಲ್ಲಿ ನಿಂತು, ಹೋಗಲೋ ಬೇಡವೋ ಎಂದು ನೋಡಿ, ಆಮೇಲೆ ಇಳಿಯಿತು. ರೊಜಾರಿಯೋ ಅದರ ಹಿಂದೆಯೇ ಕೋಲು ಬಗ್ಗಿಸಿದರು. ಮೋಟಾರು ಸಿದ್ಧವಾಗಿದ್ದರೂ ನಾನು ಟುವಾಸ್‌ಗೆ ಹೊರಟಾಗ ಸಂಜೆಯಾಗಿತ್ತು. ಸೂಪರ್‌ವೈಸರ್ ಬೈದ. ಬಯ್ಯುವುದು ಅವನ ಕೆಲಸ.

ಅಂದಿನಿಂದ ಪ್ರತಿ ಭಾನುವಾರ ಇಡೀ ಊರನ್ನು ಪಶ್ಚಿಮದಿಂದ ಪೂರ್ವಕ್ಕೆ ಎಂಆರ್‌ಟಿ ರೈಲಿನಲ್ಲಿ ದಾಟಿ ಕಾಕಿ ಬುಕಿತ್‌ಗೆ ಹೋಗುವುದು ನನ್ನ ಪದ್ಧತಿಯಾಯಿತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಹೋಗುತ್ತಿದ್ದೆ. ಬ್ಯಾಂಡಿಗೆ ರೊಜಾರಿಯೋ ‘ಕಾಪರ್ ಬಾಯ್ಸ್’ ಎಂದು ಹೆಸರಿಟ್ಟರು. ಬಾಯ್ಸ್‌ಗಳಲ್ಲಿ ಎಲ್ಲರಿಗಿಂತ ಎಳೆಯ ನನಗೇ ಮೂವತ್ತು ದಾಟಿತ್ತು. ಮೈಕು, ಆಂಪ್ಲಿಫೈಯರು ಯಾವುದಕ್ಕೂ ಪ್ರವೇಶವಿರಲಿಲ್ಲ. “ವಾರವಿಡೀ ಕರೆಂಟಿನ ಮುಖ ನೋಡ್ತೀನಿ, ಭಾನುವಾರ ಬೇಡ ಲಾ,” ಎನ್ನುತ್ತಿದ್ದರು ಲಿಮ್ ಅಂಕಲ್. ತಂತಿಯಿಂದಲೇ ಅನ್ನ ಉಣ್ಣುವ ಮನುಷ್ಯನ ಬ್ಯಾಂಡಿನಲ್ಲಿ ವಿದ್ಯುತ್ತಿನ ತಂತಿಯೇ ಇಲ್ಲ. ಹತ್ತಿರ ಹತ್ತಿರ ಕೂರಬೇಕಾಗುತ್ತಿತ್ತು. ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳುವಷ್ಟು. ಒಂದು, ಎರಡು ಎಂದು ಎಣಿಸಿ ಶುರು ಮಾಡುವ ಕ್ರಮವೇ ಇರಲಿಲ್ಲ. ಲಿಮ್ ಅಂಕಲ್ ಮೂಗಿನಿಂದ ಉಸಿರೊಂದನ್ನು ಒಳಗೆ ಎಳೆದರೆ ನಾವು ಹೊರಟೆವು ಎಂದರ್ಥ.

ಅವರ ದನಿಯ ಬಗ್ಗೆ ಹೇಳಬೇಕು. ಮೇಲಿನ ಸ್ವರಕ್ಕೆ ಹೋದಾಗ ಅದು ಒಡೆಯುತ್ತಿತ್ತು, ಹಳೇ ಬಟ್ಟೆ ಮೊಳಕೈಯಲ್ಲಿ ಪಿಸಿಯುವ ಹಾಗೆ. ರೊಜಾರಿಯೋ ಅವರ ಬ್ಲಾಕಿನ ವಾಯ್ಡ್ ಡೆಕ್ಕಿನಲ್ಲಿ, ಅಂದರೆ ಕಟ್ಟಡದ ಕೆಳಗಿನ ತೆರೆದ ಜಾಗದಲ್ಲಿ, ವರ್ಷದ ಕೊನೆಗೆ ಒಮ್ಮೆ ಬಾರಿಸಿದೆವು. ಮುಗಿದ ಮೇಲೆ ವಯಸ್ಸಾದ ಹೆಂಗಸೊಬ್ಬರು ಬಂದು ಲಿಮ್ ಅಂಕಲ್ ಕೈ ಹಿಡಿದುಕೊಂಡು, ನಿಮ್ಮ ದನಿಯಲ್ಲಿ ಎಷ್ಟು ನೋವಿದೆ ಎಂದು ಕಣ್ಣೊರೆಸಿಕೊಂಡರು. ಲಿಮ್ ಅಂಕಲ್ ತಲೆ ತಗ್ಗಿಸಿದರು. ಹಾಡಿದ ಮೇಲೆ ಬಾರ್ಲಿ ನೀರು ಕುಡಿಯುವುದು ಅವರ ಅಭ್ಯಾಸ. ಅದು ಅವರಿಗೆ ಇಷ್ಟ ಎಂದುಕೊಂಡಿದ್ದೆ.

ನಮ್ಮ ಬ್ಯಾಂಡು ಬೆಳೆದದ್ದು ಇನ್ನೊಂದು ಸುಟ್ಟ ಮೋಟಾರಿನಿಂದ. ಒಂದು ಭಾನುವಾರ ಇಪ್ಪತ್ತು ದಾಟಿದ ಹುಡುಗಿಯೊಬ್ಬಳು ಪ್ರಯಾಣದ ಟ್ರಾಲಿ ಬ್ಯಾಗಿನಲ್ಲಿ ಇಡ್ಲಿ ಹಿಟ್ಟು ರುಬ್ಬುವ ಗ್ರೈಂಡರನ್ನು ಎಳೆದುಕೊಂಡು ಬಂದಳು. ಸುಟ್ಟ ಗ್ರೈಂಡರಿಗೆ ತಂತಿ ಸುತ್ತಿಕೊಡುವವರು ಇಡೀ ಊರಿನಲ್ಲಿ ಸಿಗದೆ ಅಲ್ಲಿ ಇಲ್ಲಿ ಕೇಳಿ ಬಂದಿದ್ದಳು. ಅದನ್ನು ಲಿಮ್ ಅಂಕಲ್‌ಗೆ ಒಪ್ಪಿಸಿ, ಬಾಗಿಲ ಬಳಿ ನಿಂತು ಫೋನಿನಲ್ಲಿ ಮಾತಾಡತೊಡಗಿದಳು.

“ಅಮ್ಮಾ, ಆಗುತ್ತಂತೆ. ಬಟ್ ನೆಕ್ಸ್ಟ್ ವೀಕ್ ಅಂತೆ. ಇಲ್ಲಮ್ಮಾ, ಶಾಪ್ ಥರಾನೇ ಇಲ್ಲ. ಮೂರು ಜನ ಅಂಕಲ್ಸ್ ಕೂತ್ಕೊಂಡು ಏನೋ ಬಾರಿಸ್ತಿದಾರೆ. ಒಬ್ರು ಪೊರಕೆ ಎಳೀತಿದಾರೆ. ಇನ್ನೊಬ್ರಂತೂ ಫುಲ್ ಸೀರಿಯಸ್ಸಾಗಿ ಪೀಪಿ ಊದ್ತಿದಾರೆ.”

“ಪೀಪಿ ಅಲ್ಲಮ್ಮ, ಮೌತ್ ಆರ್ಗನ್ನು,” ಎಂದೆ ನಾನು.

ಅವಳು ಗೋಡೆಗೆ ಒರಗಿಬಿಟ್ಟಳು. “ಅಯ್ಯೋ, ಕನ್ನಡಾನಾ ಅಂಕಲ್ ನೀವು? ಸಾರಿ, ಸಾರಿ.” ಆಮೇಲೆ ಫೋನಿಗೆ: “ಅಮ್ಮಾ, ಆಮೇಲೆ ಮಾಡ್ತೀನಿ. ಪೀಪಿ ಅಂಕಲ್ ಕನ್ನಡದವ್ರು.”

ಅವಳು ಮೇಘನಾ. ಅಪ್ಪ ಅಮ್ಮ ಇಬ್ಬರೂ ಮೈಸೂರಿನವರು, ಐಟಿಯವರು. ಇವಳು ಇಲ್ಲೇ ಬೆಳೆದವಳು. ಮುಂದಿನ ವಾರ ಗ್ರೈಂಡರ್ ಒಯ್ಯಲು ಬಂದಾಗ ಹೆಗಲಲ್ಲಿ ಪಿಟೀಲಿತ್ತು. ಚಿಕ್ಕವಳಿದ್ದಾಗಿನಿಂದ ಕರ್ನಾಟಕ ಸಂಗೀತದ ಪಾಠವಂತೆ. ರಟ್ಟಿನ ಪೆಟ್ಟಿಗೆಯೊಂದನ್ನು ಬಿಡಿಸಿ ಹಾಸಿಕೊಂಡು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ರೊಜಾರಿಯೋ ಗಾಬರಿಯಾಗಿ “ಕುರ್ಚಿ ತರಲಾ?” ಎಂದರು. “ಹೀಗೇ ಕಲ್ತಿದ್ದು ಲಾ ಅಂಕಲ್,” ಎಂದು ಪಿಟೀಲಿನ ತುದಿಯನ್ನು ಕಾಲಿಗೆ ಆನಿಸಿದಳು. ಲಿಮ್ ಅಂಕಲ್ ಕೊಳವೆ ಜಾರಿಸಿದರು, ಅವಳು ಬೆರಳು ಜಾರಿಸಿದಳು. ಎಲ್ಲೆಲ್ಲೋ ಹುಟ್ಟಿದ ಇಬ್ಬರು ದಾಯಾದಿಗಳು ಮುಖ ನೋಡಿಕೊಂಡು ಮೂಗು ಒಂದೇ ಥರ ಇದೆಯಲ್ಲ ಎಂದುಕೊಂಡ ಹಾಗಿತ್ತು.

ಅಲ್ಲಿಂದ ಬ್ಯಾಂಡಿನ ಹೆಸರಿನಲ್ಲಿ ‘ಬಾಯ್ಸ್’ ಹೋಗಿ ಬರೀ ‘ಕಾಪರ್’ ಉಳಿಯಿತು. ಮೇಘನಾಳ ತಾಯಿ ಕೃತಜ್ಞತೆಗೆಂದು ಡಬ್ಬಿಗಟ್ಟಲೆ ಪುಳಿಯೋಗರೆ ಕಳಿಸಿದರು. ಲಿಮ್ ಅಂಕಲ್ ಅದನ್ನು ಚಾಪ್‌ಸ್ಟಿಕ್ಕಿನಲ್ಲಿ ತಿಂದರು. ಅವಳು ತನ್ನ ಕಾಲೇಜಿನ ಗೆಳೆಯ ಹಫೀಜ್‌ನನ್ನು ಕರೆತಂದಳು. ಅವನು ಮರದ ಪೆಟ್ಟಿಗೆಯೊಂದರ ಮೇಲೆ ಕೂತು ಅದನ್ನೇ ಅಂಗೈಯಿಂದ ಬಡಿಯುತ್ತಿದ್ದ. ಅವನು ಬಂದ ಮೇಲೆ ಎಣಿಸಿ ಶುರು ಮಾಡುವ ಪದ್ಧತಿ ಬಂತು, ಉಸಿರಿನದು ಹೋಯಿತು. ಇನ್ನೂ ಕೆಲವರು ಬಂದರು, ವರ್ಕ್ ಪಾಸ್ ಮುಗಿಯಿತೆಂದೋ ಮದುವೆಯಾಯಿತೆಂದೋ ಹೋದರು. ಯಾವ ಶ್ರುತಿ ಎಂದು ಹೊಸಬರು ಯಾರಾದರೂ ಕೇಳಿದರೆ ಲಿಮ್ ಅಂಕಲ್ ಕ್ಲಿಪ್ ತೋರಿಸಿ, “ಮೂರನೇ ಮೆಟ್ಟು. ಇಲ್ಲಿ ಅಷ್ಟೇ,” ಎನ್ನುತ್ತಿದ್ದರು. ಅದು ನಮ್ಮ ಮನೆತನದ ಕಟ್ಟಳೆಯಂತಿತ್ತು. ಯಾಕೆ ಎಂದು ಯಾರೂ ಕೇಳಲಿಲ್ಲ, ನಾನಂತೂ ಕೇಳಲೇ ಇಲ್ಲ.

ಶಾಪಿನ ಗುತ್ತಿಗೆ ಮುಗಿದು ಯಂತ್ರಗಳನ್ನೆಲ್ಲ ಮಾರಿದ ಮೇಲೆ ಲಿಮ್ ಅಂಕಲ್ ಬಹಳ ದಿನ ಉಳಿಯಲಿಲ್ಲ. ಹೃದಯಾಘಾತ. ಬೆಳಗಿನ ಕಾಫಿಗೆಂದು ಕೆಳಗಿಳಿದವರು ವಾಪಸು ಹತ್ತಲಿಲ್ಲ. ಅವರ ಬ್ಲಾಕಿನ ವಾಯ್ಡ್ ಡೆಕ್ಕಿನಲ್ಲೇ ಶವಪೆಟ್ಟಿಗೆ ಇಟ್ಟಿದ್ದರು. ದುಂಡು ಮೇಜುಗಳು, ಮೇಜಿನ ಮೇಲೆ ಕಡಲೆಕಾಯಿ, ಪೊಟ್ಟಣದ ಪಾನೀಯ. ನಾನು ಕೆಲಸದಿಂದ ನೇರವಾಗಿ ಹೋಗಿದ್ದೆ. ರೊಜಾರಿಯೋ ಒಬ್ಬರೇ ಕೂತಿದ್ದರು. ನನ್ನ ಮುಂದೆ ಕಡಲೆಕಾಯಿ ತಳ್ಳಿದರು. ಬಹಳ ಹೊತ್ತು ಸಿಪ್ಪೆ ಸುಲಿದೆವು.

“ಅವನು ಕ್ಲಿಪ್ ಇಲ್ಲದ ‘ಇ’ ಶ್ರುತಿಯ ಮನುಷ್ಯ, ಗೊತ್ತಾ ನಿನಗೆ?” ಎಂದರು.

“ಯಾರು?”

“ಲಿಮ್. ನೀನು ಬರೋಕೆ ಮುಂಚೆ ಕ್ಲಿಪ್ ಹಾಕಿದವನೇ ಅಲ್ಲ. ಆಗ ಅವನ ದನಿ ಬೇರೆ. ದಪ್ಪ, ಬೆಣ್ಣೆಯ ಹಾಗೆ. ಮೂರು ಮೆಟ್ಟು ಮೇಲೆ ಅವನ ಗಂಟಲು ಹೋಗೋದಿಲ್ಲ.”

ಕೈಯಲ್ಲಿದ್ದ ಕಡಲೆಕಾಯಿಯನ್ನು ಮೇಜಿನ ಮೇಲಿಟ್ಟೆ.

“ನಿನ್ನ ಹತ್ತಿರ ಇದ್ದದ್ದು ಒಂದೇ ಹಾರ್ಮೋನಿಕಾ. ಅದು ಅವನ ಶ್ರುತಿಗೆ ಹೊಂದೋದಿಲ್ಲ. ಅದಕ್ಕೆ ಅವನೇ ಮೇಲೆ ಹತ್ತಿದ. ನಾನು ಎಷ್ಟು ಸಲ ಹೇಳಿದೆ, ಆ ಮನುಷ್ಯನಿಗೆ ಇನ್ನೊಂದು ಕೊಂಡ್ಕೋ ಅಂತ ಹೇಳು, ಇಲ್ಲಾ ನೀನೇ ಕೊಡಿಸು ಅಂತ. ಕೇಳಲಿಲ್ಲ. ‘ಮಂಜು ಅದನ್ನ ತಾನೇ ಕೈಯಾರೆ ರಿಪೇರಿ ಮಾಡಿಕೊಂಡಿದಾನೆ ಲಾ, ಹೇಳಿದರೆ ನಾಳೆಯಿಂದ ಬರೋದೇ ಇಲ್ಲ,’ ಅಂದ.”

ಮೇಜಿನ ಮೇಲಿನ ಸಿಪ್ಪೆಗಳನ್ನು ಒಂದೆಡೆ ಗುಡ್ಡೆ ಮಾಡಿದೆ. ಲಿಮ್ ಅಂಕಲ್ ನನ್ನನ್ನು ಸರಿಯಾಗಿಯೇ ಅಳೆದಿದ್ದರು. ಹೇಳಿದ್ದರೆ ನಾನು ಬರುತ್ತಿರಲಿಲ್ಲ. ಆ ಹೆಂಗಸು ಅವರ ಕೈ ಹಿಡಿದು ಅತ್ತದ್ದು ನೆನಪಾಯಿತು. ನಾವೆಲ್ಲ ನೋವು ಎಂದುಕೊಂಡದ್ದು ಒಬ್ಬ ಮನುಷ್ಯ ಇನ್ನೊಬ್ಬನಿಗೆ ಜಾಗ ಬಿಡಲು ತುದಿಗಾಲ ಮೇಲೆ ನಿಂತಿದ್ದುದರ ಸದ್ದು. ಇದನ್ನು ರೊಜಾರಿಯೋಗೆ ಇಂಗ್ಲಿಷಿನಲ್ಲಿ ಹೇಳಲು ನನಗೆ ಬರಲಿಲ್ಲ. ಅವರೂ ಕಾಯಲಿಲ್ಲ. ಕೆಲವು ತಿಂಗಳಲ್ಲಿ ಮಗಳ ಬಳಿಗೆಂದು ಪರ್ತ್‌ಗೆ ಹೊರಟುಹೋದರು. ಪೊರಕೆ ಕೋಲಿನ ಬಾಸ್ ವಿಮಾನದಲ್ಲಿ ಹೋಗುವ ವಸ್ತುವಲ್ಲ.

ಹಳಬರಲ್ಲಿ ಉಳಿದವನು ನಾನೊಬ್ಬ. ಬ್ಯಾಂಡು ನಿಲ್ಲುತ್ತದೆ ಎಂದುಕೊಂಡಿದ್ದೆ. ಮೇಘನಾ ನಿಲ್ಲಿಸಲಿಲ್ಲ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಒಂದು ಸ್ಟುಡಿಯೋ ಬುಕ್ ಮಾಡಿದಳು. ಬಾಸ್ ಗಿಟಾರಿನವಳೊಬ್ಬಳು ಬಂದಳು, ಆಂಪ್ಲಿಫೈಯರ್ ಬಂತು, ಹಾಡುವ ಕೆಲಸ ಮೇಘನಾಳ ಪಾಲಿಗೆ ಬಂತು. ಫ್ರಿಜ್ಜಿನಂತೆ ಕೊರೆಯುವ ಆ ಕೋಣೆಯಲ್ಲಿ ನನ್ನ ಇಸ್ತ್ರಿ ಅಂಗಿ ಸಾಲುತ್ತಿರಲಿಲ್ಲ. ಆದರೂ ಭಾನುವಾರಕ್ಕೆ ಹೋಗಲು ಒಂದು ಜಾಗವಿತ್ತು. ಬಾಗಿಲು ತೆರೆದರೆ “ಬಂದ್ರಾ ಅಂಕಲ್” ಎನ್ನುವ ಒಂದು ದನಿಯಿತ್ತು. ಅದು ಹೋದರೆ ಮುಂದೇನು ಎಂದು ನಾನು ಯೋಚಿಸಲು ಹೋಗುತ್ತಿರಲಿಲ್ಲ, ಓಡುತ್ತಿರುವ ಯಂತ್ರದ ಕವಚ ತೆಗೆದು ಒಳಗೆ ಬಗ್ಗಿ ನೋಡಬಾರದು ಎನ್ನುತ್ತಾರಲ್ಲ, ಹಾಗೆ.

ಮೊದಲ ದಿನವೇ ಮೇಘನಾ ಹೇಳಿದಳು: “ಅಂಕಲ್‌ದು ಜಿ ಅಲ್ವಾ? ಎಲ್ಲಾ ಜಿನಲ್ಲೇ ಮಾಡೋಣ.”

“ನಿನಗೆ ಎತ್ತರವಾಗುತ್ತೆ,” ಎಂದ ಹಫೀಜ್.

“ಓಕೆ ಲಾ, ಮ್ಯಾನೇಜ್ ಮಾಡ್ತೀನಿ.”

ಹಾಡಿದಳು. ಮೇಲೆ ಹೋದಾಗ ದನಿ ಸ್ವಲ್ಪ ಬಿರಿಯಿತು. ಹಾಡು ಮುಗಿದಾಗ ಹಫೀಜ್ ಪೆಟ್ಟಿಗೆ ತಟ್ಟಿ ಹೇಳಿದ: “ಇವತ್ತು ನಿನ್ನ ದನಿಗೆ ನಿಜವಾದ ಬ್ಲೂಸ್ ಬಂತು.” ಅವಳು ನಕ್ಕು, ಗಂಟಲು ಸವರಿಕೊಂಡು, ನೀರಿನ ಬಾಟಲಿಗೆ ಕೈ ಹಾಕಿದಳು.

ನಾನು ಬಾಜಾ ಕೆಳಗಿಳಿಸಿದೆ.

“ಮೇಘನಾ, ನಿನಗೆ ಸಲೀಸಾಗಿ ಬರೋ ಶ್ರುತಿ ಯಾವ್ದು?”

“ಎಫ್. ಯಾಕೆ ಅಂಕಲ್?”

“ಅದರಲ್ಲೇ ಹಾಡು.”

“ಅದಕ್ಕೆ ನಿಮ್ ಹತ್ರ ಹಾರ್ಮೋನಿಕಾ ಇಲ್ವಲ್ಲ.”

“ಇವತ್ತಿಲ್ಲ.”

“ಮತ್ತೆ ನೀವೇನ್ ಮಾಡ್ತೀರಾ?”

“ಕೇಳ್ತೀನಿ.”

“ಹೋಗಿ ಅಂಕಲ್, ಇದೆಲ್ಲಾ ಏನು. ಲಿಮ್ ಅಂಕಲ್ ಇದ್ದಿದ್ರೆ ನಿಮ್ಮನ್ನ ಸುಮ್ನೆ ಕೂರಿಸ್ತಿದ್ರಾ?”

“ಲಿಮ್ ಅಂಕಲ್ ಮಾಡಿದ್ದನ್ನ ನೀನು ಮಾಡೋದು ಬೇಡ. ಹಾಡು.”

ಅವಳಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ಸ್ವಲ್ಪ ಮುನಿಸಿಕೊಂಡೇ ಎಫ್ ಶ್ರುತಿಯಲ್ಲಿ ಹಾಡಿದಳು. ಬಿಗಿಯಾಗಿ ಹೆಣೆದ ಜಡೆಯನ್ನು ಬಿಚ್ಚಿ ಬೆನ್ನ ಮೇಲೆ ಹರಡಿದ ಹಾಗೆ ದನಿ ಕೆಳಗಿಳಿಯಿತು. ಹಫೀಜ್ ಬಡಿಯುವುದನ್ನೇ ಒಂದು ಗಳಿಗೆ ಮರೆತ. ನಾನು ಗೋಡೆಗೆ ಒರಗಿ, ಎರಡೂ ಕೈ ಜೇಬಿನಲ್ಲಿಟ್ಟುಕೊಂಡು, ನಾನಿಲ್ಲದ ನಮ್ಮ ಬ್ಯಾಂಡು ಹೇಗೆ ಕೇಳುತ್ತದೆ ಎಂದು ಮೊದಲ ಬಾರಿ ಕೇಳಿದೆ. ಚೆನ್ನಾಗಿತ್ತು. ಅದೇ ಕಷ್ಟವಾಯಿತು.

ಮುಂದಿನ ಸಂಬಳದಲ್ಲೇ ಬಿ ಫ್ಲಾಟಿನ ಮೌತ್ ಆರ್ಗನ್ ಕೊಂಡೆ, ಒಳಗೆ ಎಳೆದು ಬಾರಿಸುವಾಗ ಎಫ್‌ನಲ್ಲಿ ಹಾಡುವವರ ಜೊತೆ ಹೊಂದುವುದು ಅದೇ. ಒಂದರಿಂದ ನಿಲ್ಲಲಿಲ್ಲ. ನಾಳೆ ಇನ್ನೊಬ್ಬರು ಇನ್ನೊಂದು ಶ್ರುತಿಯಲ್ಲಿ ಹಾಡಿದರೆ? ತಿಂಗಳಿಗೊಂದೋ ಎರಡೋ ಕೊಂಡು ಇರುವ ಹನ್ನೆರಡು ಶ್ರುತಿಗಳನ್ನೂ ಮುಗಿಸಿದೆ. ಯಾವುದಕ್ಕೂ ಬಿಸ್ಕೀಟು ತಗಡು ಹಾಕಲಿಲ್ಲ. ಹೊಸ ಬಾಜಾ ಬಾಯಿಗೆ ಒಗ್ಗಲು ದಿನ ಬೇಕು. ಕೋಣೆಯಲ್ಲಿ ಊದಲು ಆಂಟಿಯ ಅಪ್ಪಣೆಯಿಲ್ಲ, ಹಾಗಾಗಿ ಕೆಲಸದಿಂದ ಬಂದು ಕೆಳಗೆ ವಾಯ್ಡ್ ಡೆಕ್ಕಿನಲ್ಲಿ ಕೂರುತ್ತಿದ್ದೆ. ಸೈಕಲ್ ಹೊಡೆಯುವ ಮಕ್ಕಳು ಒಂದು ಸುತ್ತು ಬಂದು, “ಅಂಕಲ್, ಹ್ಯಾಪಿ ಸಾಂಗ್ ಬಾರಿಸಿ ಲಾ,” ಎಂದು ಹೇಳಿ ಹೋಗುತ್ತಿದ್ದರು. ಅವರಿಗಾಗಿ ಹುಟ್ಟುಹಬ್ಬದ ಹಾಡನ್ನು ಹನ್ನೆರಡು ಶ್ರುತಿಯಲ್ಲೂ ಕಲಿತೆ.

ಆ ಹೊತ್ತಿಗೆ ಟುವಾಸ್‌ನಲ್ಲಿ ದೊಡ್ಡ ಕೆಲಸವೊಂದು ಬಂತು. ಭಾನುವಾರವೂ ಓವರ್‌ಟೈಮ್. ಕೆಲಸ ಬಿಟ್ಟು ಹಾಡಿಗೆ ಹೋದವನಲ್ಲ ನಾನು, ಹೋಗುವುದೂ ಇಲ್ಲ. ಅದು ಮುಗಿದು ಸ್ಟುಡಿಯೋದ ಬಾಗಿಲು ತೆರೆದಾಗ ಒಳಗೆ ಸ್ಯಾಕ್ಸೋಫೋನ್ ಹಿಡಿದ ಉದ್ದ ಕೂದಲಿನವನೊಬ್ಬ ಇದ್ದ. ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ಟ. ಒಳ್ಳೆಯವನು. ಬಾರಿಸುವುದೂ ಒಳ್ಳೆಯದೇ. ನಾನು ನುಡಿಸುತ್ತಿದ್ದ ಜಾಗಗಳಲ್ಲೆಲ್ಲ ಅವನು ನೀರಿನ ಹಾಗೆ ತುಂಬಿಕೊಂಡಿದ್ದ. ಯಾರೂ ನನ್ನನ್ನು ತೆಗೆದಿರಲಿಲ್ಲ. ಖಾಲಿ ಇದ್ದದ್ದು ತುಂಬಿತ್ತು, ಅಷ್ಟೇ.

ಮೇಘನಾ ನನ್ನನ್ನು ಹೊರಗೆ ಕರೆದಳು. ಫೋನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತಿದ್ದಳು.

“ಅಂಕಲ್, ಮಾಲ್ ಒಂದರಲ್ಲಿ ಶೋ ಸಿಕ್ಕಿದೆ. ಒಂದು ಗಂಟೆ ಸೆಟ್. ಮತ್ತೆ... ಅರೇಂಜ್‌ಮೆಂಟ್ ಎಲ್ಲಾ ಆಗ್ಬಿಟ್ಟಿದೆ. ಬಟ್ ಎರಡು ಹಾಡಿಗೆ ನೀವು ಬೇಕೇ ಬೇಕು. ಪಕ್ಕಾ.”

ಬೇಕು ಎಂದಿದ್ದರೆ ಬೇಕು. ಬೇಕೇ ಬೇಕು ಎಂದು ಎರಡು ಸಲ ಒತ್ತಿದರೆ ಅದರ ತೂಕ ಎಷ್ಟೆಂದು ವಯಸ್ಸಾದವರಿಗೆ ತಿಳಿಯುತ್ತದೆ. ಬೇಡಮ್ಮ, ನೀವೇ ಮಾಡ್ಕೊಳ್ಳಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂಥ ಮಾತು ನನಗೆ ಬೇಗ ಬರುತ್ತದೆ. ಅದನ್ನು ನುಂಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಯಾವ ಶ್ರುತಿ?” ಎಂದೆ.

“ಒಂದು ಎಫ್, ಒಂದು ಡಿ. ಡಿ ಇದೆಯಾ ಅಂಕಲ್ ನಿಮ್ಮ ಹತ್ರ? ಇಲ್ದಿದ್ರೆ ನಾನು ಬೇಕಾದ್ರೆ...”

“ಅದಕ್ಕಾಗೋದೂ ಇದೆ. ನೀನು ಏನೂ ಬದಲಾಯಿಸ್ಬೇಡ.”

ಮಾಲಿನ ನೆಲ ಅಂತಸ್ತಿನಲ್ಲಿ ವೇದಿಕೆ. ನಾಲ್ಕು ಮಹಡಿಯ ಜನ ಕಟಕಟೆಗೆ ಒರಗಿ ಬಗ್ಗಿ ನೋಡುತ್ತಿದ್ದರು. ನನ್ನ ಎರಡು ಹಾಡು ಮೊದಲೇ ಇದ್ದವು. ಮೈಕು ಹಿಡಿದು ಬಾರಿಸಿದ್ದು ಅದೇ ಮೊದಲು. ನನ್ನ ಉಸಿರು ನಾಲ್ಕನೇ ಮಹಡಿಯಿಂದ ನನಗೇ ವಾಪಸು ಬರುತ್ತಿತ್ತು. ಎರಡನೆಯ ಹಾಡಿನಲ್ಲಿ ಮೇಘನಾ ಪಿಟೀಲು ಹಿಡಿದು ನನ್ನ ಕಡೆ ತಿರುಗಿದಳು, ನಾನೊಂದು ಸ್ವರ ಬಾಗಿಸಿದೆ, ಅವಳೊಂದು ಬಾಗಿಸಿದಳು. ಜನ ಚಪ್ಪಾಳೆ ತಟ್ಟಿದರು. ಬಾಗಿ ನಮಸ್ಕಾರ ಮಾಡಿ ಇಳಿದು, ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ.

ಪಕ್ಕದ ಕುರ್ಚಿಯ ಹೆಂಗಸು ನನ್ನನ್ನು ಎರಡು ಸಲ ನೋಡಿದರು. ಮೇಘನಾಳ ತಾಯಿ.

“ನೀವು ಪೀಪಿ... ಕ್ಷಮಿಸಿ, ಮಂಜುನಾಥ್ ಅವರಲ್ವಾ? ತುಂಬಾ ಚೆನ್ನಾಗಿ ಬಾರಿಸಿದ್ರಿ. ಇಷ್ಟಕ್ಕೇ ಮುಗೀತಾ ನಿಮ್ಮದು?”

“ಇಷ್ಟೇ ಮೇಡಂ. ಗ್ರೈಂಡರ್ ಹೇಗಿದೆ?”

“ಅಯ್ಯೋ, ಅದಕ್ಕೇನು, ಗುಂಡುಕಲ್ಲಿನ ಹಾಗಿದೆ. ನಿನ್ನೆ ಕೂಡ ದೋಸೆಗೆ ರುಬ್ಬಿದೆ. ಅವತ್ತು ಸುತ್ತಿಕೊಟ್ರಲ್ಲ, ಆಮೇಲೆ ಒಂದ್ ಸಲಾನೂ ಬಿಚ್ಚಿಲ್ಲ.”

ಲಿಮ್ ಅಂಕಲ್ ಸುತ್ತಿದ ತಂತಿ ಹಾಗೇ. ಅದನ್ನು ಆ ತಾಯಿಗೆ ಹೇಳಬೇಕೆನ್ನಿಸಿತು, ಅಷ್ಟರಲ್ಲಿ ಹಫೀಜ್ ಎಣಿಸಿದ, ಮುಂದಿನ ಹಾಡು ಶುರುವಾಯಿತು. ಉಳಿದದ್ದನ್ನೆಲ್ಲ ಕೂತು ಕೇಳಿದೆ. ಮೇಘನಾಳ ದನಿ ಒಂದು ಕಡೆಯೂ ಬಿರಿಯಲಿಲ್ಲ. ಒಂದು ಗಂಟೆ ಹಾಡಿಯೂ ನೀರು ಕೇಳಲಿಲ್ಲ. ಕೊನೆಯ ಹಾಡಾದ ಮೇಲೆ ಅವರೆಲ್ಲ ಫೋಟೋಕ್ಕೆ ಸಾಲಾಗಿ ನಿಂತರು. ಮೇಘನಾ ಗುಂಪಿನ ಮೇಲಿಂದ ಕೈ ಬೀಸಿ “ಅಂಕಲ್, ಬನ್ನಿ” ಎಂದು ಕರೆದಳು. ಹೋಗಿ ತುದಿಯಲ್ಲಿ ನಿಂತೆ. ಅಲ್ಲಿಂದ ಅವರು ಊಟಕ್ಕೆ ಹೊರಟರು. ನನಗೆ ಬೆಳಗಿನ ಪಾಳಿ ಇತ್ತು. ಸುಳ್ಳಲ್ಲ, ಇತ್ತು.

ಅದಾದ ಮೇಲೂ ಬ್ಯಾಂಡು ಬೆಳೆಯುತ್ತಿದೆ. ಈಗ ಆರು ಜನ. ಕೀಬೋರ್ಡಿನವನೊಬ್ಬ ಬರಲಿದ್ದಾನಂತೆ. ಶೋ ಇದ್ದಾಗ ಮೇಘನಾ ಮೆಸೇಜ್ ಮಾಡುತ್ತಾಳೆ, ಯಾವ ಶ್ರುತಿ ಎಂದು ಅವಳೇ ಮೊದಲು ತಿಳಿಸುತ್ತಾಳೆ. ಹೋಗಿ ಬಾರಿಸಿ ಬರುತ್ತೇನೆ. ಉಳಿದ ಭಾನುವಾರಗಳಲ್ಲಿ ಬಟ್ಟೆ ಒಗೆದು, ಅಂಗಿ ಇಸ್ತ್ರಿ ಮಾಡಿ, ಬಾಜಾಗಳನ್ನು ಒಂದೊಂದಾಗಿ ಬಿಚ್ಚಿ ಒರೆಸಿಡುತ್ತೇನೆ.

ಈಗ ನನ್ನ ಬಳಿ ಇರುವುದು: ಟುವಾಸ್‌ನಲ್ಲಿ ಒಂದು ಕೆಲಸ, ಜುರಾಂಗ್ ವೆಸ್ಟಿನಲ್ಲಿ ಒಂದು ಕೋಣೆ, ಫೋನಿನಲ್ಲಿ ಒಬ್ಬಳು ಅಕ್ಕ, ಹನ್ನೆರಡು ಮೌತ್ ಆರ್ಗನ್, ಎರಡು ಹಾಡು.